ಪಾರ್ಕಿನ್ಸನ್ ನೆರವಿಗಾಗಿ ಗಾಲ್ಫ್ ಪಂದ್ಯ: ನಡೆಸಿದವರ ಅನುಭವ ಬೇಕಾಗಿದೆ

ಪ್ರಶ್ನೆ: ಅಮೆರಿಕದ ಮಿಷಿಗನ್‌ನಲ್ಲಿರುವ ನಾವು ಕೆಲವು ಕನ್ನಡ ಕುಟುಂಬಗಳು ಸೇರಿ, ಪಾರ್ಕಿನ್ಸನ್ ಕಾಯಿಲೆಯವರ ವ್ಯಾಯಾಮ ತರಗತಿಗಳಿಗೆ ಹಣ ಕೂಡಿಸಲು ಜುಲೈನಲ್ಲಿ ಗಾಲ್ಫ್ ಪಂದ್ಯವೊಂದನ್ನು ಏರ್ಪಡಿಸಬೇಕೆಂದಿದ್ದೇವೆ. ಆರು ವರ್ಷಗಳಿಂದ ಈ ಕಾಯಿಲೆಯಿರುವ ನನ್ನ ತಂದೆಯವರೂ ಆಡಬೇಕೆಂಬುದು ನನ್ನ ಆಸೆ. ನಾವು ಮೊದಲೇ ತಿಳಿದಿರಬೇಕಾದುದೇನು?

ಉತ್ತರ 1: ನನ್ನ ಪತಿಗೆ ಈ ಕಾಯಿಲೆ ಇರುವುದು ಗೊತ್ತಾದ ಮೇಲೆ ಎರಡು ಬೇಸಿಗೆಗಳಲ್ಲಿ ನಾವು ಇಂಥ ಪಂದ್ಯ ನಡೆಸಿದ್ದೇವೆ. ಮೊದಲ ವರ್ಷದ ತಪ್ಪನ್ನೇ ಮೊದಲು ಹೇಳುತ್ತೇನೆ. ವೇಳಾಪಟ್ಟಿ ಹಾಕುವಾಗ ಮೈದಾನದವರ ಅನುಕೂಲವನ್ನು ನೋಡಿದೆವೇ ಹೊರತು ಮಾತ್ರೆಯ ಹೊತ್ತನ್ನು ನೋಡಲಿಲ್ಲ. ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆಯ ಪ್ರಭಾವ ಕೆಲವೇ ಗಂಟೆಗಳದ್ದು. ಅದು ಇಳಿದಾಗ ಅಲ್ಲಿಯವರೆಗೆ ಸರಾಗವಾಗಿ ನಡೆಯುತ್ತಿದ್ದವರ ಕಾಲು ನೆಲಕ್ಕೆ ಅಂಟಿಕೊಂಡಂತಾಗಬಹುದು. ಹತ್ತನೆಯ ಹೋಲ್ (ಚೆಂಡು ಸೇರಿಸಬೇಕಾದ ಕುಳಿ) ಬಳಿ ನನ್ನವರಿಗೆ ಹಾಗೆಯೇ ಆಯಿತು, ಮಾತ್ರೆಯ ಡಬ್ಬಿ ಕಾರಿನಲ್ಲೇ ಉಳಿದಿತ್ತು. ಎಲ್ಲ ಹೋಲ್‌ಗಳಿಂದ ಏಕಕಾಲಕ್ಕೆ ಆಟ ಆರಂಭವಾಗುವ ಶಾಟ್‌ಗನ್ ಪದ್ಧತಿಯಲ್ಲೂ 18 ಹೋಲ್ ಮುಗಿಯಲು ಸುಮಾರು ಐದು ಗಂಟೆ ಹಿಡಿಯುತ್ತದೆ. ಆದ್ದರಿಂದ ಮರುವರ್ಷ ಕಾಯಿಲೆಯವರು ಬಯಸಿದರೆ ಒಂಬತ್ತು ಹೋಲ್ ಆದ ಮೇಲೆಯೇ ನಿಲ್ಲಿಸುವ ಅವಕಾಶವಿಟ್ಟು, ಅವರವರ ಮಾತ್ರೆಯ ವೇಳೆಯನ್ನು ಅವರ ಒಪ್ಪಿಗೆ ಪಡೆದು ಜೊತೆ ಆಟಗಾರರೊಬ್ಬರಿಗೆ ತಿಳಿಸಿದೆವು.

ಆಟಕ್ಕೆ ಸ್ಕ್ರ್ಯಾಂಬಲ್ ಪದ್ಧತಿಯನ್ನೇ ಇಟ್ಟುಕೊಳ್ಳಿ. ತಂಡದ ನಾಲ್ವರೂ ಹೊಡೆದ ಮೇಲೆ, ಚೆನ್ನಾಗಿ ಬಿದ್ದ ಚೆಂಡಿನ ಜಾಗದಿಂದಲೇ ಎಲ್ಲರೂ ಮುಂದಿನ ಹೊಡೆತ ಹೊಡೆಯುವುದರಿಂದ, ನಿಮ್ಮ ತಂದೆಯವರ ಚೆಂಡು ಹತ್ತು ಗಜವೇ ಹೋದರೂ ತಂಡಕ್ಕೆ ನಷ್ಟವಿಲ್ಲ, ಅವರಿಗೂ ಸಂಕೋಚವಿರುವುದಿಲ್ಲ. ಅವರು ಕೂತು ಸಾಗುವ ಪುಟ್ಟ ಗಾಡಿಯನ್ನು (ಕಾರ್ಟ್), ಹೋಲ್ ಸುತ್ತಲಿನ ನುಣುಪು ಹುಲ್ಲಿನ ಜಾಗವಾದ ಗ್ರೀನ್‌ನ ಸಮೀಪದವರೆಗೆ ಒಯ್ಯಲು ಮೈದಾನದವರಿಂದ ಮುಂಚಿತವಾಗಿ ಅನುಮತಿ ಪಡೆಯಿರಿ. ಮರಳುಗುಂಡಿಗೆ ಇಳಿಯುವುದು ಬೇಡವೆಂಬ ನಿಯಮವನ್ನು ಎಲ್ಲರಿಗೂ ಅನ್ವಯಿಸಿದರೆ ಯಾರನ್ನೂ ಬೇರೆಯಾಗಿ ಕಂಡಂತಾಗದು. ಪ್ರೋಟೀನ್ ಹೆಚ್ಚಿರುವ ಊಟ ಕೆಲವರಲ್ಲಿ ಲೆವೊಡೋಪಾ ಹೀರಿಕೆಗೆ ಅಡ್ಡಿಯಾಗುವ ಕಾರಣ, ದೊಡ್ಡ ಊಟವನ್ನು ಆಟ ಮುಗಿದ ಮೇಲೆ ಇಡುವುದು ಒಳ್ಳೆಯದು.

ಉತ್ತರ 2: ನಾನು ಇಂಥ ಪಂದ್ಯವೊಂದರ ಲೆಕ್ಕಪತ್ರ ನೋಡಿಕೊಂಡವನು, ಹಣದ ವಿಷಯವನ್ನಷ್ಟೇ ಹೇಳುತ್ತೇನೆ. ಪ್ರವೇಶ ಶುಲ್ಕದ ಬಹುಪಾಲು ಮೈದಾನಕ್ಕೂ ಊಟಕ್ಕೂ ಹೋಗುತ್ತದೆ. ನಮಗೆ ನಿಜವಾಗಿ ಉಳಿದದ್ದು ಹೋಲ್‌ಗಳ ಬಳಿ ತಮ್ಮ ಹೆಸರಿನ ಫಲಕ ಹಾಕಿಸಿಕೊಂಡ ಪ್ರಾಯೋಜಕರಿಂದ ಬಂದ ಹಣ. ಶುಲ್ಕ 75 ಡಾಲರ್ ದಾಟಿದರೆ, ಅದರಲ್ಲಿ ಆಟ ಮತ್ತು ಊಟದ ಬೆಲೆ ಎಷ್ಟೆಂದು ದತ್ತಿಸಂಸ್ಥೆಯು ಲಿಖಿತವಾಗಿ ತಿಳಿಸಬೇಕು. ಶುಲ್ಕ 150 ಡಾಲರ್, ಆಟ ಮತ್ತು ಊಟದ ಬೆಲೆ 90 ಡಾಲರ್ ಆದರೆ, ದಾನವೆಂದು ತೆರಿಗೆಯಲ್ಲಿ ತೋರಿಸಬಹುದಾದದ್ದು 60 ಡಾಲರ್ ಮಾತ್ರ. ಒಂದೇ ಹೊಡೆತಕ್ಕೆ ಚೆಂಡು ಹೋಲ್ ಸೇರಿದರೆ ಕಾರು ಬಹುಮಾನ ಎಂದು ಘೋಷಿಸುವುದಾದರೆ, ಅದಕ್ಕೆ ವಿಮೆ ಮಾಡಿಸದೆ ಘೋಷಿಸಬೇಡಿ.

ಉತ್ತರ 3: ತಂದೆಯವರು ಆಡಬಹುದೇ ಎಂಬ ಅಳುಕು ನಿಮಗಿದ್ದರೆ ಈ ಮಾತು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಅಧ್ಯಯನದಲ್ಲಿ 20 ಮಂದಿ ಪಾರ್ಕಿನ್ಸನ್ ರೋಗಿಗಳು ಹತ್ತು ವಾರ ಗಾಲ್ಫ್ ಅಥವಾ ತಾಯ್ ಚೀ (ನಿಧಾನ ಚಲನೆಗಳ ಚೀನೀ ವ್ಯಾಯಾಮ) ಕಲಿತರು. ಕುರ್ಚಿಯಿಂದ ಎದ್ದು ನಡೆದು ಮರಳಿ ಕೂರುವ ಪರೀಕ್ಷೆಯಲ್ಲಿ ಗಾಲ್ಫ್ ಆಡಿದವರು ಹೆಚ್ಚು ಸುಧಾರಿಸಿದ್ದರು. ಇಷ್ಟು ಸಣ್ಣ ಸಂಖ್ಯೆಯಿಂದ ದೊಡ್ಡ ತೀರ್ಮಾನ ಸಲ್ಲದು, ವೈದ್ಯರನ್ನು ಕೇಳಲೇಬೇಕು. ಆದರೆ ಸುಮ್ಮನೆ ಕೂತಾಗ ನಡುಗುವ ನನ್ನ ಅಣ್ಣನ ಕೈ, ಗಾಲ್ಫ್ ಕೋಲನ್ನು ಬೀಸುವ ಆ ಕ್ಷಣ ಶಾಂತವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪೂರ್ತಿ ಆಡಲಾಗದವರಿಗಾಗಿ ಊಟದ ಮನೆಯ ಪಕ್ಕದಲ್ಲೇ ಪಟಿಂಗ್ (ಹತ್ತಿರದಿಂದ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಸೇರಿಸುವ) ಸ್ಪರ್ಧೆಯೊಂದನ್ನು ಇಡಿ. ನಮ್ಮಲ್ಲಿ ಅದರ ಬಹುಮಾನವನ್ನು ಎರಡು ಸಲ ಗೆದ್ದವರು ಗಾಲಿಕುರ್ಚಿಯಲ್ಲಿ ಬಂದಿದ್ದ ಹಿರಿಯರೊಬ್ಬರು.