ಕ್ರೂಸ್ ಹಡಗಿನಲ್ಲಿ ದುಡ್ಡು ಕೊಟ್ಟು ತಿನ್ನುವ ಸ್ಪೆಷಲ್ ಹೋಟೆಲ್: ಸಸ್ಯಾಹಾರಿಗಳಿಗೆ ಬೇಕಾ?

ತೀರ್ಥಹಳ್ಳಿ_ಹುಡುಗ:

ನಮಸ್ಕಾರ. ತಂಗಿ ಸಿಂಗಾಪುರದಲ್ಲಿದ್ದಾಳೆ. ಅಪ್ಪ ಅಮ್ಮನ ಮದುವೆಯಾಗಿ 40 ವರ್ಷ ಆಯಿತು ಅಂತ ಅಲ್ಲಿಂದ ಹೊರಡುವ ನಾಲ್ಕು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದಾಳೆ. ಅಲ್ಲಿಯವರೆಗೆ ಎಲ್ಲ ಸರಿ. ಈಗ ಹಡಗಿನ ಆ್ಯಪ್ ತೆರೆದರೆ ದಿನಾ ಒಂದು ಜಾಹೀರಾತು. ಸ್ಟೇಕ್ ಹೌಸ್, ಇಟಾಲಿಯನ್, ಜಪಾನಿನ ಊಟ, ಎಲ್ಲದಕ್ಕೂ ಬೇರೆ ದುಡ್ಡು. ರಾತ್ರಿ ಊಟಕ್ಕೆ ತಲೆಗೆ 60 ಡಾಲರ್ ತೋರಿಸುತ್ತಿದೆ, ಅದರ ಮೇಲೆ ಶೇಕಡಾ 18 ಸರ್ವಿಸ್ ಚಾರ್ಜ್.

ಊಟ ಟಿಕೆಟ್‌ನಲ್ಲೇ ಸೇರಿದೆ ಅಂದಮೇಲೆ ಇದು ಯಾಕೆ? ಅಪ್ಪನಿಗೆ ಹೇಳಿದ್ದಕ್ಕೆ "ಮದುವೆ ಮನೆಗೆ ಕರೆದು ಪಾಯಸಕ್ಕೆ ಬೇರೆ ಚೀಟಿ ಕೊಟ್ಟ ಹಾಗಾಯಿತಲ್ಲ" ಅಂದರು. ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಅಮ್ಮ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವುದಿಲ್ಲ. ತಂಗಿ ಮಾತ್ರ ಒಂದು ರಾತ್ರಿಯಾದರೂ ಸ್ಪೆಷಲ್ ಆಗಿರಲಿ ಅನ್ನುತ್ತಾಳೆ. ಹೋಗಿ ಬಂದವರು ಹೇಳಿ, ಬೆಲೆಗೆ ತಕ್ಕ ಹಾಗಿರುತ್ತದಾ?

ಸಾಗರದವಳು:

ನೋಡಿ ತಮ್ಮ, ಮೊದಲು ಲೆಕ್ಕ ಮಾಡೋಣ. 60 ಡಾಲರ್, ಅದಕ್ಕೆ 18 ಪರ್ಸೆಂಟ್ ಸೇರಿಸಿದರೆ 70.80. ಇಬ್ಬರಿಗೆ 141.60. ಡಾಲರಿಗೆ 88 ರೂಪಾಯಿ ಅಂತ ಹಿಡಿದರೆ ಹನ್ನೆರಡೂವರೆ ಸಾವಿರದ ಹತ್ತಿರ. ನಮ್ಮ ಇಲ್ಲಿನ ಬಹಳಷ್ಟು ಕ್ರೆಡಿಟ್ ಕಾರ್ಡ್‌ಗಳಲ್ಲಿ ವಿದೇಶಿ ಖರ್ಚಿಗೆ ಮೂರೂವರೆ ಪರ್ಸೆಂಟ್ ಕಟ್ಟಬೇಕು, ಅದರ ಮೇಲೆ ಜಿಎಸ್‌ಟಿ. ಹದಿಮೂರು ಸಾವಿರ ಆಯಿತು ಅಂದುಕೊಳ್ಳಿ. ಒಂದು ಊಟಕ್ಕೆ!

ನಾವು ಹೋದಾಗ ಮೊದಲ ದಿನ ಹತ್ತಿದ ಕೂಡಲೇ ಲಿಫ್ಟ್ ಪಕ್ಕ ಮೇಜು ಹಾಕಿಕೊಂಡು ನಗುನಗುತ್ತಾ ನಿಂತಿದ್ದರು, ಇವತ್ತು ರಾತ್ರಿ ಬಂದರೆ ಡಿಸ್ಕೌಂಟ್ ಅಂತ. ನಮ್ಮವರು ಮರುಳಾಗಿ ಇಟಾಲಿಯನ್‌ಗೆ ಹೆಸರು ಕೊಟ್ಟರು. ಜಾಗ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ನನಗೆ ಬಂದದ್ದು ಟೊಮೆಟೊ ಸಾರಿನಂಥದ್ದು, ಒಂದು ಪಾಸ್ತಾ, ಬದನೆಕಾಯಿಯದ್ದೇನೋ ಒಂದು. ಪಕ್ಕದ ಮೇಜಿನವರು ಅದೇ ದುಡ್ಡಿಗೆ ಮಾಂಸ, ಸೀಗಡಿ ಅಂತ ತಟ್ಟೆ ಮೇಲೆ ತಟ್ಟೆ ತರಿಸಿಕೊಂಡರು. ಅಲ್ಲಿ ಪ್ಲೇಟ್ ಲೆಕ್ಕ ಅಲ್ಲ, ತಲೆ ಲೆಕ್ಕ. ಆ ತಲೆ ಲೆಕ್ಕ ಮಾಂಸ ತಿನ್ನುವವರನ್ನು ನೋಡಿಯೇ ಇಟ್ಟಿರುತ್ತಾರೆ. ನಾವು ಪಾಸ್ತಾ ತಿಂದು ಅವರ ಸೀಗಡಿಗೆ ದುಡ್ಡು ಕೊಟ್ಟು ಬಂದ ಹಾಗಾಯಿತು.

ಅದಕ್ಕಿಂತ ಒಂದು ಕೆಲಸ ಮಾಡಿ. ಮೊದಲ ರಾತ್ರಿ ಮಾಮೂಲಿ ಊಟದ ಹಾಲ್‌ಗೆ, ಮೇನ್ ಡೈನಿಂಗ್ ರೂಮ್ ಅಂತಾರೆ, ಅಲ್ಲಿಗೆ ಹೋಗಿ ಹೆಡ್ ವೇಟರ್‌ನ ಹುಡುಕಿ. ನಾವು ಇಂಡಿಯನ್ ವೆಜಿಟೇರಿಯನ್, ಮೊಟ್ಟೆ ಇಲ್ಲ ಅಂತ ಹೇಳಿ. ನಮಗೆ ಮರುದಿನದಿಂದ ದಾಲ್, ಪಲ್ಯ, ಅನ್ನ, ರೊಟ್ಟಿ ಎಲ್ಲ ಬಂತು. ವೇಟರ್‌ಗಳಲ್ಲಿ ಒಬ್ಬ ಗೋವಾದವನಿದ್ದ, ನನಗೆ ಮಜ್ಜಿಗೆ ಅಂತ ಮೊಸರು ಕದಡಿ ಉಪ್ಪು ಹಾಕಿ ತಂದುಕೊಟ್ಟ! ಪುಣ್ಯಾತ್ಮ. ಒಂದು ರೂಪಾಯಿ ಜಾಸ್ತಿ ಇಲ್ಲ.

ಭದ್ರಾವತಿ_ಬಾಣಸಿಗ:

ಏಳು ವರ್ಷ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದೇನೆ, ಈಗ ಊರಲ್ಲಿದ್ದೇನೆ. ಅಕ್ಕ ಹೇಳಿದ್ದು ಸರಿ. ಆದರೆ ಅರ್ಧ ಮಾತ್ರ ಸರಿ.

ಟಿಕೆಟ್ ದುಡ್ಡಿನಲ್ಲೇ ಹಡಗು ಓಡಿಸಿ ಲಾಭ ಮಾಡುವುದು ಕಷ್ಟ. ಅದಕ್ಕೇ ಟಿಕೆಟ್ ಅಗ್ಗ ಕಾಣಿಸುವ ಹಾಗೆ ಇಟ್ಟು, ಹತ್ತಿದ ಮೇಲೆ ಡ್ರಿಂಕ್ಸ್, ವೈಫೈ, ಕ್ಯಾಸಿನೊ, ಸ್ಪಾ, ಈ ಹೋಟೆಲುಗಳು ಅಂತ ಜೇಬಿಗೆ ಕೈ ಹಾಕುತ್ತಾರೆ. ಇದು ಹೊಸದೇನೂ ಅಲ್ಲ. 1905ರಲ್ಲೇ ಜರ್ಮನಿಯ 'ಅಮೆರಿಕ' ಅನ್ನುವ ಹಡಗಿನಲ್ಲಿ ರಿಟ್ಜ್ ಹೆಸರಿನ ಹೋಟೆಲ್ ಇತ್ತು, ಊಟಕ್ಕೆ ಬೇರೆ ಬಿಲ್. 1912ರ ಟೈಟಾನಿಕ್‌ನಲ್ಲೂ ಫಸ್ಟ್ ಕ್ಲಾಸಿನವರಿಗೆ ಅಂಥದ್ದೊಂದು ಇತ್ತು. ಆದರೆ ಅಲ್ಲಿ ಒಂದು ನ್ಯಾಯ ಇತ್ತು ನೋಡಿ, ಪೂರ್ತಿ ಪ್ರಯಾಣ ಅಲ್ಲೇ ಉಣ್ಣುತ್ತೇನೆ ಅಂದವರಿಗೆ ಟಿಕೆಟ್‌ನಲ್ಲಿ ಸ್ವಲ್ಪ ಕಡಿಮೆ ಮಾಡುತ್ತಿದ್ದರು. ಈಗ ಅದೆಲ್ಲ ಕೇಳಲೇಬೇಡಿ. ಮೇನ್ ಹಾಲಿನ ಊಟ ಬಿಟ್ಟು ಸ್ಪೆಷಲ್‌ಗೆ ಹೋದರೆ ಎರಡು ಊಟಕ್ಕೂ ನೀವೇ ದುಡ್ಡು ಕೊಟ್ಟ ಹಾಗೆ.

ಇನ್ನು ಊಟದ ವಿಷಯ. ಮೇನ್ ಹಾಲ್ ಅಂದರೆ ಮದುವೆ ಪಂಕ್ತಿ ಅಂದುಕೊಳ್ಳಿ. ಎರಡು ಪಂಕ್ತಿ, ಒಂದೊಂದರಲ್ಲೂ ಸಾವಿರಕ್ಕೂ ಮೇಲೆ ಜನ. ಒಂದೇ ಗಳಿಗೆಗೆ ಎಲ್ಲ ತಟ್ಟೆ ಹೊರಗೆ ಹೋಗಬೇಕು. ಅದಕ್ಕೆ ಮೊದಲೇ ಅರ್ಧ ಬೇಯಿಸಿ, ಬಿಸಿ ಪೆಟ್ಟಿಗೆಯಲ್ಲಿಟ್ಟು, ಕೊನೆಗೆ ಜೋಡಿಸುವುದು. ಸ್ಪೆಷಲ್ ಹೋಟೆಲಿನಲ್ಲಿ ರಾತ್ರಿಗೆ ನೂರು ಇನ್ನೂರು ಜನ ಅಷ್ಟೆ. ನೀವು ಹೇಳಿದ ಮೇಲೆ ಬಾಣಲೆ ಒಲೆ ಮೇಲೆ ಇಡುತ್ತೇವೆ. ಮಾಂಸ, ಮೀನಿನಲ್ಲಿ ಈ ವ್ಯತ್ಯಾಸ ನಾಲಿಗೆಗೆ ತಟ್ಟನೆ ಗೊತ್ತಾಗುತ್ತದೆ. ಸೊಪ್ಪು ತರಕಾರಿಯಲ್ಲಿ ಅಷ್ಟು ಗೊತ್ತಾಗುವುದಿಲ್ಲ. ದಾಲ್ ಅಂತೂ ದೊಡ್ಡ ಪಾತ್ರೆಯಲ್ಲಿ ಕುದಿದಷ್ಟೂ ರುಚಿ, ಇದನ್ನು ನಿಮಗೆ ನಾನು ಹೇಳಿಕೊಡಬೇಕಾ.

ಸ್ಟೇಕ್ ಹೌಸ್ ನಿಮ್ಮ ಅಪ್ಪ ಅಮ್ಮನಿಗೆ ಖಂಡಿತ ಬೇಡ. ಅಲ್ಲಿ ಮುಖ್ಯ ತಿನಿಸೇ ದನದ ಮಾಂಸ, ವಾಸನೆಗೇ ಅಮ್ಮ ಎದ್ದು ಬರುತ್ತಾರೆ. ಕಾದ ಕಬ್ಬಿಣದ ಹಲಗೆ ಮೇಲೆ ಎದುರಿಗೇ ಅಡುಗೆ ಮಾಡುವ ಜಪಾನಿ ಊಟವೂ ಬೇಡ. ತಮಾಷೆಯೇನೋ ಜೋರಾಗಿರುತ್ತದೆ, ಆದರೆ ಎಲ್ಲ ಒಂದೇ ಹಲಗೆ ಮೇಲೆ ಬೇಯುವುದು.

ಕೊಪ್ಪದ_ಕಾಫಿ:

ಎಲ್ಲರೂ ಬೇಡ ಬೇಡ ಅಂತಿದ್ದೀರಿ, ನಾನು ಬೇಕು ಅನ್ನುವವನು. ನಾನೂ ಸಸ್ಯಾಹಾರಿಯೇ.

ಮೇನ್ ಹಾಲಿನಲ್ಲಿ ನಮಗೆ ಸಿಕ್ಕಿದ್ದು ಐದೂವರೆಯ ಪಂಕ್ತಿ. ಐದೂವರೆಗೆ ನಮ್ಮ ಕಡೆ ಯಾರಾದರೂ ರಾತ್ರಿ ಊಟ ಮಾಡುತ್ತಾರಾ? ಅದು ಕಾಫಿ ಕುಡಿಯುವ ಹೊತ್ತು ಮಾರಾಯ್ರೇ. ಬಫೆಗೆ ಹೋದರೆ ಜಾತ್ರೆ, ತಟ್ಟೆ ಹಿಡಿದುಕೊಂಡು ಕುರ್ಚಿ ಹುಡುಕುವುದೇ ಕೆಲಸ. ಮೂರನೇ ದಿನ ಹೆಂಡತಿಗೆ ಸಾಕಾಗಿ ಹೋಯಿತು. ಆಮೇಲೆ ಇಟಾಲಿಯನ್‌ನಲ್ಲಿ ರಾತ್ರಿ ಎಂಟಕ್ಕೆ ಕಿಟಕಿ ಪಕ್ಕದ ಮೇಜು ಕೇಳಿ ಹಿಡಿದೆ. ಎರಡು ಗಂಟೆ ಕೂತೆವು. ಯಾರೂ ಬಂದು ಏಳಿ ಅನ್ನಲಿಲ್ಲ. ಪಾಸ್ತಾ ಹೇಗಿತ್ತು ಅಂತ ಈಗ ನೆನಪಿಲ್ಲ, ಕತ್ತಲಲ್ಲಿ ದೂರದ ಹಡಗುಗಳ ದೀಪ ಸಾಲಾಗಿ ಹೋಗುತ್ತಿದ್ದದ್ದು ಮಾತ್ರ ನೆನಪಿದೆ. 40 ವರ್ಷ ತೋಟ, ಕೊಟ್ಟಿಗೆ, ಬಂದವರು ಹೋದವರು ಅಂತ ದುಡಿದ ಜೀವಗಳು. ಒಂದು ಸಲ ಎದುರುಬದುರು ಕೂತು ನಿಧಾನಕ್ಕೆ ಉಂಡರೆ ಏನು ತಪ್ಪು? ಆ ದುಡ್ಡು ಊಟಕ್ಕೆ ಅಂತ ಲೆಕ್ಕ ಹಾಕಿದರೆ ದಂಡ, ಮೇಜಿಗೆ ಅಂತ ಹಾಕಿ ನೋಡಿ.

ಪ್ಯಾಕೇಜ್ ಮಾತ್ರ ಬೇಡ. ನಾಲ್ಕೇ ರಾತ್ರಿಗೆ ಮೂರು ಊಟದ ಪ್ಯಾಕೇಜ್ ತಗೊಂಡರೆ ಮೇನ್ ಹಾಲಿನ ದಾಲ್ ಯಾವಾಗ ತಿನ್ನುವುದು?

ತೀರ್ಥಹಳ್ಳಿ_ಹುಡುಗ:

ಹದಿಮೂರು ಸಾವಿರ ಅಂತ ಅಪ್ಪನಿಗೆ ಓದಿ ಹೇಳಿದೆ. "ಆ ದುಡ್ಡು ಮಳೆಗಾಲಕ್ಕೆ ಅಡಿಕೆಗೆ ಔಷಧಿ ಹೊಡೆಸುವುದಕ್ಕೆ ಆಗುತ್ತಿತ್ತು" ಅಂದರು. ಅಮ್ಮ ಒಳಗಿನಿಂದ "ಕಿಟಕಿ ಪಕ್ಕ ಅಂತ ಯಾರೋ ಬರೆದಿದ್ದಾರಲ್ಲ, ಅದನ್ನು ಇನ್ನೊಂದು ಸಲ ಓದು" ಅಂದರು. ಹಾಗಾಗಿ ಗೊಂದಲ ಇನ್ನೂ ಜಾಸ್ತಿಯಾಗಿದೆ.

ಇನ್ನೊಂದು ಪ್ರಶ್ನೆ. ಮನೆಯ ಮಿಡಿ ಉಪ್ಪಿನಕಾಯಿ, ಚಟ್ನಿಪುಡಿ ತಗೊಂಡು ಹೋಗಬಹುದಾ?

ಭದ್ರಾವತಿ_ಬಾಣಸಿಗ:

ಸಾಮಾನ್ಯವಾಗಿ ಮನೆಯಲ್ಲಿ ಮಾಡಿದ ತಿಂಡಿ ಹಡಗಿಗೆ ಬಿಡುವುದಿಲ್ಲ. ಅಂಗಡಿಯ ಸೀಲ್ ಮಾಡಿದ ಪ್ಯಾಕೆಟ್ ಆದರೆ ನಡೆಯುತ್ತದೆ. ಸೀಲ್ ಇರುವ ಚಟ್ನಿಪುಡಿ ಒಯ್ಯಿರಿ, ಮಿಡಿ ಭರಣಿಯಲ್ಲೇ ಇರಲಿ.

ಮತ್ತೆ ಅಪ್ಪನಿಗೂ ಅಮ್ಮನಿಗೂ ಸರಿಹೋಗುವ ದಾರಿ ಒಂದಿದೆ. ಹಡಗು ಎಲ್ಲೂ ನಿಲ್ಲದೆ ಸಮುದ್ರದಲ್ಲೇ ಇರುವ ದಿನ ಕೆಲವು ಸ್ಪೆಷಲ್ ಹೋಟೆಲುಗಳು ಮಧ್ಯಾಹ್ನವೂ ತೆರೆಯುತ್ತವೆ. ಅಡುಗೆಮನೆ ಅದೇ, ಮೇಜೂ ಅದೇ, ರಾತ್ರಿಗಿಂತ ರೇಟು ಎಷ್ಟೋ ಕಡಿಮೆ. ಹಗಲಾದ್ದರಿಂದ ಕಿಟಕಿಯಲ್ಲಿ ಸಮುದ್ರವೂ ಕಾಣುತ್ತದೆ. ಆ್ಯಪ್‌ನಲ್ಲಿ ಈಗಲೇ ಬುಕ್ ಮಾಡಿ, ಆಮೇಲೆ ಆಗಾಗ ನೋಡುತ್ತಿರಿ. ರೇಟು ಇಳಿದರೆ ರದ್ದು ಮಾಡಿ ಮತ್ತೆ ಬುಕ್ ಮಾಡಬಹುದು. ಆದರೆ ಕೊನೇ ಗಳಿಗೆಯಲ್ಲಿ ಬಿಟ್ಟರೆ ದುಡ್ಡು ಹೋಯಿತು. ಎಷ್ಟು ಗಂಟೆ ಮೊದಲು ಅನ್ನುವುದು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ, ಅದನ್ನು ಸರಿಯಾಗಿ ಓದಿಕೊಳ್ಳಿ. ಮೊಟ್ಟೆ ಇಲ್ಲ ಅನ್ನುವುದನ್ನು ಅಲ್ಲೂ ಮೊದಲೇ ಹೇಳಿ, ತಾಜಾ ಪಾಸ್ತಾಕ್ಕೆ ಮೊಟ್ಟೆ ಹಾಕುತ್ತಾರೆ, ಬಹಳ ಜನಕ್ಕೆ ಇದು ಗೊತ್ತಿರುವುದಿಲ್ಲ.

ಸಾಗರದವಳು:

ಅಯ್ಯೋ ದೇವರೇ, ಪಾಸ್ತಾದಲ್ಲಿ ಮೊಟ್ಟೆಯಾ? ಇದನ್ನು ನನಗೆ ಈಗ ಹೇಳುತ್ತಿದ್ದೀರಾ?

ತೀರ್ಥಹಳ್ಳಿ_ಹುಡುಗ:

ಅಕ್ಕಾ, ಕ್ಷಮಿಸಿ, ನಗು ತಡೆಯಲಾಗಲಿಲ್ಲ.

ಮಧ್ಯಾಹ್ನದ್ದೇ ಬುಕ್ ಮಾಡಿದೆವು, ಮೂರನೇ ದಿನಕ್ಕೆ, ಕಿಟಕಿ ಪಕ್ಕ ಕೊಡಿ ಅಂತ ಬರೆದಿದ್ದೇವೆ. ಉಳಿದ ರಾತ್ರಿಗಳೆಲ್ಲ ಮೇನ್ ಹಾಲಿನ ದಾಲ್. ಅಪ್ಪನಿಗೆ ಆ ಮಧ್ಯಾಹ್ನದ ಊಟವೂ ಟಿಕೆಟ್‌ನಲ್ಲೇ ಸೇರಿದೆ ಅಂತ ಹೇಳಿದ್ದೇವೆ. ತಂಗಿ ಕಾರ್ಡ್‌ನಿಂದ ಕಟ್ಟಿದ್ದಾಳೆ, ಬಿಲ್ ಅವರ ಕೈಗೆ ಬರದ ಹಾಗೆ ನೋಡಿಕೊಳ್ಳಬೇಕು ಅಷ್ಟೆ.