ರೀಬಿಲ್ಟ್ ಮಾಡಿದ ಹಳೇ ಕಿರ್ಬಿಗೆ 350 ಡಾಲರ್ ಕೊಡಬಹುದಾ?

ಪ್ರಶ್ನೆ (ಕೊಲಂಬಸ್, ಓಹಾಯೋ): ನಮಸ್ಕಾರ ಸರ್. ನಮ್ಮದು ಮನೆ ತುಂಬಾ ಕಾರ್ಪೆಟ್, ಮೇಲಿಂದ ಒಂದು ನಾಯಿ. ಪ್ಲಾಸ್ಟಿಕ್ ವ್ಯಾಕ್ಯೂಮ್‌ಗಳನ್ನು ಕೊಂಡು ಎಸೆದು ಸಾಕಾಗಿದೆ. ಇಲ್ಲೊಬ್ಬರು ಕಿರ್ಬಿ ಕಂಪನಿಯ ಜಿ4 ವ್ಯಾಕ್ಯೂಮ್ ಮಾರುತ್ತಿದ್ದಾರೆ. "ಪೂರ್ತಿ ರೀಬಿಲ್ಟ್" ಅಂತ ಹಾಕಿ 350 ಡಾಲರ್ ಕೇಳುತ್ತಿದ್ದಾರೆ. ಅದೇ ಮಾದರಿ ಹಳೇ ಸಾಮಾನಿನ ಅಂಗಡಿಯಲ್ಲಿ 40 ಡಾಲರ್‌ಗೆ ಇತ್ತು. ಇಷ್ಟೊಂದು ವ್ಯತ್ಯಾಸ ಯಾಕೆ? ನೀವು ಇದೇ ರಿಪೇರಿ ಕೆಲಸದಲ್ಲಿ ಇರುವವರು, ಸ್ವಲ್ಪ ಹೇಳಿ.

ಉತ್ತರ: ಮೊದಲು 40 ಡಾಲರ್ ವಿಷಯ. ಕಿರ್ಬಿ ಅಂಗಡಿಯಲ್ಲಿ ಸಿಗುವ ಸರಕಲ್ಲ. ಸೇಲ್ಸ್‌ನವರು ಮನೆಗೇ ಬಂದು, ನಿಮ್ಮ ಕಾರ್ಪೆಟ್ ಮೇಲೇ ಓಡಿಸಿ ತೋರಿಸಿ ಮಾರುತ್ತಾರೆ. ಹೊಸದರ ಬೆಲೆ ಸಾವಿರ ಡಾಲರ್ ಆರಾಮಾಗಿ ದಾಟುತ್ತದೆ. ಅದರಲ್ಲಿ ಸೇಲ್ಸ್‌ನವರ ಕಮಿಷನ್ನೂ ಸೇರಿದೆ. ಯಂತ್ರ ಇನ್ನೊಬ್ಬರ ಕೈಗೆ ಹೋದ ದಿನವೇ ಆ ಕಮಿಷನ್ ಭಾಗ ಆವಿಯಾಗುತ್ತದೆ. ಇನ್ನೊಂದು ಕಾರಣ, ಅಲ್ಯುಮಿನಿಯಂ ಮೈ ಸುಲಭವಾಗಿ ಹಾಳಾಗುವುದಿಲ್ಲ. ಹಾಗಾಗಿ ಹಳೇ ಕಿರ್ಬಿಗಳು ಊರ ತುಂಬಾ ಇವೆ. ಜಿ4 ಬಂದದ್ದು 1990ರ ದಶಕದಲ್ಲಿ, ಅಂಥ ಅಪರೂಪದ್ದೇನಲ್ಲ.

ಅಂದರೆ ನೀವು ಆ 350 ಕೊಡುವುದು ಯಂತ್ರಕ್ಕಲ್ಲ, ಅದರ ಮೇಲೆ ಆಗಿರುವ ಕೆಲಸಕ್ಕೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: "ಏನೇನು ಬದಲಾಯಿಸಿದ್ದೀರಿ?"

"ರೀಬಿಲ್ಟ್" ಅಂತ ಯಾರು ಬೇಕಾದರೂ ಚೀಟಿ ಅಂಟಿಸಬಹುದು. ಕಂಪನಿಯೇ ಮೊದಲ ಮಾಲೀಕರಿಗೆ ಮಾಡಿಕೊಡುವ ರೀಬಿಲ್ಡ್ ಅಂದರೆ ಪೂರ್ತಿ ಬಿಚ್ಚಿ, ಸವೆದದ್ದನ್ನು ಬದಲಾಯಿಸಿ, ಲೋಹಕ್ಕೆ ಪಾಲಿಶ್ ಹಾಕುವುದು. ಸೆಕೆಂಡ್ ಹ್ಯಾಂಡ್ ಮಾರ್ಕೆಟ್‌ನಲ್ಲಿ ಎಷ್ಟೋ ಸಲ ಆ ಕೊನೆಯ ಪಾಲಿಶ್ ಒಂದೇ ಆಗಿರುತ್ತದೆ. ಜೊತೆಗೊಂದು ಹೊಸ ಬೆಲ್ಟ್, ಹೊಸ ಚೀಲ. ಫೋಟೋದಲ್ಲಿ ಫಳಫಳ ಹೊಳೆಯುತ್ತದೆ, ಅಷ್ಟೇ.

ನಿಜವಾದ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಮೋಟರ್ ಬೇರಿಂಗ್, ಕಾರ್ಬನ್ ಬ್ರಷ್ (ಮೋಟರ್ ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಸಣ್ಣ ತುಂಡು), ಬ್ರಷ್ ರೋಲ್ (ಕಾರ್ಪೆಟ್ ಉಜ್ಜುವ ಉರುಳೆ), ಪವರ್ ಕಾರ್ಡ್. ಬಹಳ ಜನ ಕಾರ್ಬನ್ ಬ್ರಷ್ ಮಾತ್ರ ಹೊಸದು ಹಾಕಿ ಬಿಡುತ್ತಾರೆ. ಆ ಕಾರ್ಬನ್ ಬ್ರಷ್ ಉಜ್ಜುವ ಕಮ್ಯುಟೇಟರ್ (ಮೋಟರ್‌ನಲ್ಲಿ ತಿರುಗುವ ತಾಮ್ರದ ಭಾಗ) ಗೀರು ಬಿದ್ದು ಒರಟಾಗಿದ್ದರೆ ಹೊಸ ಬ್ರಷ್ಷೂ ಬೇಗ ಸವೆದು ಹೋಗುತ್ತದೆ.

ಇನ್ನೊಂದು ಮುಖ್ಯ. 1990ರಲ್ಲಿ ಜನರೇಷನ್ 3 ಅನ್ನುವ ಮಾದರಿ ಬಂದಾಗಿನಿಂದ ಕಿರ್ಬಿ ಮೋಟರ್ ಬಲದಿಂದ ತಾನೇ ಮುಂದೆ ಹಿಂದೆ ಸಾಗುತ್ತದೆ. ನಿಮ್ಮ ಜಿ4ನಲ್ಲೂ ಹಾಗೆ ಚಕ್ರ ತಿರುಗಿಸುವ ಟ್ರಾನ್ಸ್‌ಮಿಷನ್ ಇದೆ. ಅದು ಕೆಟ್ಟರೆ ರಿಪೇರಿ ಖರ್ಚು ಯಂತ್ರದ ಬೆಲೆಯನ್ನೇ ಮೀರಬಹುದು. ಹೋದಾಗ ಕಾಲಲ್ಲಿ ಪೆಡಲ್ ಒತ್ತಿ ಡ್ರೈವ್‌ಗೆ ಹಾಕಿ ಓಡಿಸಿ. ಎರಡೂ ಕಡೆ ಸಲೀಸಾಗಿ ಹೋಗಬೇಕು, ಕಟಕಟ ಸದ್ದು ಬರಬಾರದು. ಕೆಳಗೆ ಎಣ್ಣೆ ಜಿನುಗಿದ ಗುರುತು ಇದ್ದರೆ ಸುಮ್ನೆ ವಾಪಸ್ ಬನ್ನಿ.

ಬೇರಿಂಗ್ ನೋಡಲು ಕಿವಿ ಸಾಕು. ಸ್ವಿಚ್ ಆಫ್ ಮಾಡಿ ಕೇಳಿ. ಮೋಟರ್ ನಿಧಾನವಾಗಿ, ಒಂದೇ ಸಮ ಇಳಿಯುತ್ತಾ ನಿಲ್ಲಬೇಕು. ಗರಗರ ಅಂದರೆ, ಗಕ್ಕನೆ ನಿಂತರೆ ಬೇರಿಂಗ್ ಮುಗಿದಿದೆ ಅಂತ ಲೆಕ್ಕ. ಆಮೇಲೆ ಪ್ಲಗ್ ಕಿತ್ತು (ಇದು ಮರೆಯಬೇಡಿ), ಮುಂದಿನ ಬ್ರಷ್ ಇರುವ ತಲೆ ಭಾಗ ತೆಗೆದು ಫ್ಯಾನ್ ನೋಡಿ. ಕಿರ್ಬಿಯಲ್ಲಿ ಎಳೆದ ಕಸವೆಲ್ಲ ಫ್ಯಾನ್ ಮೂಲಕವೇ ಚೀಲಕ್ಕೆ ಹೋಗುತ್ತದೆ. ನಾಣ್ಯ, ಸ್ಕ್ರೂ ಸಿಕ್ಕಿದರೆ ರೆಕ್ಕೆ ಮುರಿಯಬಹುದು, ಆಗ ಮೋಟರ್ ಅದುರುತ್ತದೆ.

ಅದೇ ಪ್ರಶ್ನೆಯವರು: ಕೇಳಿದೆ ಸರ್. ಕಾರ್ಬನ್ ಬ್ರಷ್, ಬೆಲ್ಟ್, ಚೀಲ ಹೊಸದಂತೆ. ಬೇರಿಂಗ್ "ಚೆನ್ನಾಗೇ ಇತ್ತು, ಮುಟ್ಟಲಿಲ್ಲ" ಅಂದರು.

ಉತ್ತರ: ಸುಳ್ಳು ಹೇಳಲಿಲ್ಲವಲ್ಲ, ಒಳ್ಳೆಯ ಮನುಷ್ಯ. ಆದರೆ ಅದು ಸರ್ವಿಸ್, ರೀಬಿಲ್ಡ್ ಅಲ್ಲ. 150ಕ್ಕೆ ಕೇಳಿ, ಅಟ್ಯಾಚ್‌ಮೆಂಟ್ ಡಬ್ಬಿ ಪೂರ್ತಿ ಇದ್ದರೆ ಸ್ವಲ್ಪ ಮೇಲೆ ಹೋಗಿ. 350 ಕೊಡುವುದಾದರೆ ರಿಪೇರಿ ಅಂಗಡಿಯಲ್ಲೇ ಕೊಳ್ಳಿ. ಬರವಣಿಗೆಯಲ್ಲಿ ಒಂದು ವರ್ಷದ ಗ್ಯಾರಂಟಿ ಕೇಳಿ. ಕೈ ಬದಲಾದ ಯಂತ್ರಕ್ಕೆ ಕಂಪನಿಯ ವಾರಂಟಿ ನೆಚ್ಚಿಕೊಳ್ಳಬೇಡಿ.

ಇನ್ನೊಬ್ಬರ ಪ್ರಶ್ನೆ (ನ್ಯೂಜೆರ್ಸಿ): ನನಗೆ ಎಸ್ಟೇಟ್ ಸೇಲ್‌ನಲ್ಲಿ (ತೀರಿಕೊಂಡವರ ಮನೆ ಸಾಮಾನು ಮಾರುವಲ್ಲಿ) ಎಲೆಕ್ಟ್ರೋಲಕ್ಸ್ ಮಾಡೆಲ್ 30 ವ್ಯಾಕ್ಯೂಮ್ ಸಿಕ್ಕಿದೆ. ಉದ್ದ ಲೋಹದ ಡಬ್ಬಿ, ಕೆಳಗೆ ಚಕ್ರದ ಬದಲು ಜಾರುವ ಪಟ್ಟಿಗಳು. ರೀಬಿಲ್ಡ್ ಮಾಡಿಸಿದರೆ ಒಳ್ಳೆ ರೇಟ್ ಬರುತ್ತಾ?

ಉತ್ತರ: ದಯವಿಟ್ಟು ಇನ್ನೂ ಏನೂ ಮುಟ್ಟಬೇಡಿ. ಅದು ಅಮೆರಿಕದ ವಿನ್ಯಾಸಕಾರ ಲೂರೆಲ್ ಗಿಲ್ಡ್ ವಿನ್ಯಾಸ ಮಾಡಿದ್ದು, 1937ರಲ್ಲಿ ಬಂದದ್ದು. ಕೊಳ್ಳುವವರು ಕಸ ಗುಡಿಸುವವರಲ್ಲ, ಸಂಗ್ರಹಕಾರರು. ಅದು ಬೇರೆಯೇ ಮಾರ್ಕೆಟ್. ನನ್ನ ಗಿರಾಕಿಗೆ ಹೊಸ ವೈರ್ ಇದ್ದರೆ ಖುಷಿ. ಅವರಿಗೆ ಹಳೇ ಬಟ್ಟೆ ಸುತ್ತಿದ ವೈರ್, ಹಳೇ ಹೋಸ್, ಮೊದಲಿನ ಬ್ಯಾಡ್ಜ್ ಇದ್ದರೇ ಬೆಲೆ. ಪಾಲಿಶ್ ಚಕ್ರಕ್ಕೆ ಕೊಟ್ಟರೆ ಇದ್ದ ಬೆಲೆಯೂ ಹೋಗಬಹುದು. ಒಣ ಬಟ್ಟೆಯಲ್ಲಿ ಒರೆಸಿ, ಎಲ್ಲ ಕಡೆಯಿಂದ ಫೋಟೋ ತೆಗೆದು ಹಾಗೇ ಮಾರಿ. ವೈರ್ ಬಿರುಕು ಬಿಟ್ಟಿದ್ದರೆ ಪ್ಲಗ್‌ಗೆ ಹಾಕಿ ನೋಡುವ ಆಸೆ ಬೇಡ. "ಓಡಿಸಿ ನೋಡಿಲ್ಲ" ಅಂತ ನೇರವಾಗಿ ಬರೆಯಿರಿ.

ಪ್ರಶ್ನೆ: ಸರ್, ವೀಕೆಂಡ್‌ನಲ್ಲಿ 40 ಡಾಲರ್ ಕಿರ್ಬಿ ತಂದು ರೀಬಿಲ್ಡ್ ಮಾಡಿ ಮಾರಿದರೆ ದುಡ್ಡಾಗುತ್ತಾ?

ಉತ್ತರ: ನಿಮ್ಮ ಊರಲ್ಲೇ ಮಾರಿದರೆ ಕೈಖರ್ಚಿಗೆ ಆಗುತ್ತದೆ. ಪಾರ್ಸೆಲ್ ಮಾಡಿ ಕಳಿಸಿದರೆ ಇಲ್ಲ. ಯಂತ್ರವೇ ಸುಮಾರು 10 ಕೆಜಿ, ಅಟ್ಯಾಚ್‌ಮೆಂಟ್ ಬೇರೆ. ಪ್ಯಾಕಿಂಗ್ ಸಡಿಲ ಇದ್ದರೆ ಹ್ಯಾಂಡಲ್ ಬುಡ ಮುರಿದು ತಲುಪುತ್ತದೆ, ಆಮೇಲೆ ದುಡ್ಡು ವಾಪಸ್ ಕೊಡುವ ರಗಳೆ. ಬಿಡಿ ಭಾಗ ಸಿಗುತ್ತವೆ, ಅದಕ್ಕೆ ಕೊರತೆ ಇಲ್ಲ. ತಿನ್ನುವುದು ನಿಮ್ಮ ಸಮಯ. ಪಾಲಿಶ್ ಒಂದೇ ಅರ್ಧ ದಿನ ಎಳೆಯುತ್ತದೆ, ಗಿರಾಕಿ ಅದಕ್ಕೆ ಬೇರೆ ದುಡ್ಡು ಕೊಡುವುದಿಲ್ಲ. ಕೆಲಸ ಇಷ್ಟವಿದ್ದರೆ ಮಾತ್ರ ಕೈ ಹಾಕಿ.

ಪ್ರಶ್ನೆ: ಮೈಸೂರಿನ ಅಮ್ಮನಿಗೆ ಒಂದು ತೆಗೆದುಕೊಂಡು ಹೋಗೋಣ ಅಂತಿದ್ದೆ?

ಉತ್ತರ: ಬೇಡ. ಇಲ್ಲಿನದು 120 ವೋಲ್ಟ್, ಅಲ್ಲಿ 230. ಸುಮಾರು 7 ಆಂಪಿಯರ್ ಎಳೆಯುವ ಮೋಟರ್‌ಗೆ ವೋಲ್ಟ್ ಇಳಿಸುವ 1500 ವಾಟ್‌ನ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅಮ್ಮ ಅದನ್ನು ಕೋಣೆಯಿಂದ ಕೋಣೆಗೆ ಹೊತ್ತು ತಿರುಗಬೇಕಾ? ಮೇಲಾಗಿ ಕಿರ್ಬಿಯ ಶಕ್ತಿ ಇರುವುದೇ ಕಾರ್ಪೆಟ್ ಒಳಗಿನ ಧೂಳು ಎಬ್ಬಿಸುವುದರಲ್ಲಿ. ಮೊಸಾಯಿಕ್ ನೆಲಕ್ಕೆ ಪೊರಕೆ, ಮಾಪ್ ಸಾಕು. ಸೋಫಾ, ಪರದೆಗೆ ಬೇಕೇ ಬೇಕು ಅಂದರೆ ಅಲ್ಲೇ ಒಂದು ಚಿಕ್ಕ ಕ್ಯಾನಿಸ್ಟರ್ (ಡಬ್ಬಿ ಮಾದರಿಯ) ವ್ಯಾಕ್ಯೂಮ್ ಕೊಡಿಸಿ. ಕೆಟ್ಟರೆ ರಿಪೇರಿಯವನೂ ಅಲ್ಲೇ ಸಿಗುತ್ತಾನೆ.