ಮೊದಲ ಬೇಟೆ ಋತುವಿನಲ್ಲೇ ಜಿಂಕೆ ಹೊಡೆದವರು ದಯವಿಟ್ಟು ಅನುಭವ ತಿಳಿಸಿ

ಮ್ಯಾಡಿಸನ್ ಹೊಸಬ:
ಎಲ್ಲರಿಗೂ ನಮಸ್ಕಾರ. ನಾನು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಸಮೀಪ ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುತ್ತಿದ್ದೇನೆ. ಬೇಟೆಗಾರರ ಸುರಕ್ಷತಾ ತರಗತಿಯನ್ನು ಮುಗಿಸಿದ್ದೇನೆ. ನವೆಂಬರಿನ ಒಂಬತ್ತು ದಿನಗಳ ಕೋವಿ ಋತುವಿನಲ್ಲಿ (ಕೋವಿಯಿಂದ ಬೇಟೆಗೆ ಅನುಮತಿಯಿರುವ ದಿನಗಳು), ಸಾರ್ವಜನಿಕ ಅರಣ್ಯದಲ್ಲಿ, ಒಂದು ಹೆಣ್ಣು ಜಿಂಕೆ ದೊರೆತರೂ ನನಗೆ ತೃಪ್ತಿ. ಒಟ್ಟು 900 ಡಾಲರ್ ಖರ್ಚು ಮಾಡಬಲ್ಲೆ. ನನ್ನ ಹೆಂಡತಿ ಮಾಂಸ ತಿನ್ನುವುದಿಲ್ಲ. ಕೋವಿ ಕೊಳ್ಳಲೇ, ಕೋವಿಯಂತೆ ಹಿಡಿದು ಬಾಣ ಬಿಡುವ ಕ್ರಾಸ್‌ಬೋ ಕೊಳ್ಳಲೇ? ಮಾಂಸವನ್ನು ಹಣ ಪಡೆದು ಕತ್ತರಿಸಿಕೊಡುವ ಪ್ರೊಸೆಸರ್‌ಗೆ ಕೊಡಲೇ, ನಾನೇ ಕತ್ತರಿಸಲೇ? ಮೊದಲ ವರ್ಷವೇ ಯಶಸ್ಸು ಕಂಡವರು ತಿಳಿಸಬೇಕಾಗಿ ಕೋರುತ್ತೇನೆ.

ಮೌಂಟ್ ಹೋರೆಬ್ ಪಕ್ಕದವ:
ನೀವಿರುವ ಡೇನ್ ಕೌಂಟಿಯಲ್ಲೇ ನನ್ನ ಮೊದಲ ಜಿಂಕೆ ಬಿದ್ದದ್ದು. ಎಳೆಯ ಗಂಡು, ಎಂಬತ್ತು ಗಜ ದೂರ, ಒಂದೇ ಈಡು. ಗುಂಡು ಶ್ವಾಸಕೋಶವನ್ನು ಹಾಯ್ದಿದ್ದರಿಂದ ರಕ್ತ ತಿಳಿಗೆಂಪಾಗಿ ನೊರೆಗೂಡಿತ್ತು, ಜಾಡು ಹಿಡಿಯುವುದು ಕಷ್ಟವಾಗಲಿಲ್ಲ. ಬೇಟೆಯ ಕತೆಯನ್ನು ಎಲ್ಲರೂ ಇಲ್ಲಿಗೇ ಮುಗಿಸಿಬಿಡುತ್ತಾರೆ, ನನ್ನ ಕತೆ ಇಲ್ಲಿಂದ ಶುರುವಾಗುತ್ತದೆ.

ಪ್ರೊಸೆಸರ್ ಒಬ್ಬರಿಗೆ ಕೊಟ್ಟೆ. ಚರ್ಮ ಸುಲಿದು ತುಂಡು ಮಾಡಲು 135 ಡಾಲರ್, ಪೌಂಡಿಗೆ 4ರಂತೆ 20 ಪೌಂಡ್ ಸಾಸೇಜಿಗೆ 80, ಜರ್ಕಿಗೆ (ಒಣಗಿಸಿದ ಮಾಂಸ) 53, ಒಟ್ಟು 268. ತಲೆಯನ್ನು ಸಿಡಬ್ಲ್ಯುಡಿ (ಜಿಂಕೆಗಳ ಮೆದುಳು ಕೆಡಿಸಿ ಕೊಲ್ಲುವ ರೋಗ) ಪರೀಕ್ಷೆಗೆ ಬಿಟ್ಟು ಬಂದಿದ್ದೆ. ಈ ರಾಜ್ಯದಲ್ಲಿ ಆ ರೋಗ 2002ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಮೌಂಟ್ ಹೋರೆಬ್ ಸುತ್ತಿನಲ್ಲೇ ಎಂಬುದು ನಿಮಗೆಲ್ಲ ತಿಳಿದಿದೆ. ಪರೀಕ್ಷೆ ಉಚಿತ, ಆದರೆ ಫಲಿತಾಂಶ ಬರುವಷ್ಟರಲ್ಲಿ ಸಾಸೇಜು ತಯಾರಾಗಿ ನನ್ನ ಫ್ರೀಜರ್ ಸೇರಿತ್ತು. ರೋಗವಿದೆ ಎಂದು ಬಂತು. ಆ ರೋಗ ತರುವ ಪ್ರಿಯಾನ್ ಎಂಬ ಪ್ರೋಟೀನ್ ಬೇಯಿಸಿದರೂ ನಾಶವಾಗುವುದಿಲ್ಲ. ಮನುಷ್ಯರಿಗೆ ತಗುಲಿದ ಪ್ರಕರಣ ದೃಢಪಟ್ಟಿಲ್ಲವಾದರೂ ರೋಗವಿರುವ ಜಿಂಕೆಯನ್ನು ತಿನ್ನಬೇಡಿ ಎಂಬುದೇ ಸರ್ಕಾರದ ಸಲಹೆ. ನನಗೆ ಇಬ್ಬರು ಮಕ್ಕಳಿದ್ದಾರೆ, ಎಲ್ಲವನ್ನೂ ಕಸಕ್ಕೆ ಹಾಕಿದೆ.

ಅದಕ್ಕಿಂತ ನೋವಿನ ಸಂಗತಿಯೆಂದರೆ, ಸಾಸೇಜನ್ನು ಹಲವರ ಮಾಂಸ ಒಟ್ಟು ಸೇರಿಸಿಯೇ ಮಾಡುತ್ತಾರೆಂದು ರಸೀದಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ನನ್ನ ಜಿಂಕೆಯ ಪಾಲು ಯಾವ ಯಾವ ಮನೆ ಸೇರಿದೆ ಎಂದು ಫೋನಿನಲ್ಲಿ ಕೇಳಿದೆ, ಅವರಿಗೆ ತಿಳಿಸಿ ಎಂದು ಬೇಡಿಕೊಂಡೆ. ಉತ್ತರಿಸದೆ ಫೋನ್ ಇಟ್ಟರು. ಹಣ ಹೋದದ್ದನ್ನು ಮರೆತಿದ್ದೇನೆ, ಅದನ್ನು ಮರೆತಿಲ್ಲ.

ಹಿಲ್ ಕಂಟ್ರಿ ಕನ್ನಡಿಗ:
ಟೆಕ್ಸಸ್‌ನಲ್ಲಿ ನೆಲದ ಬಹುಪಾಲು ಖಾಸಗಿಯವರದ್ದು, ಆದ್ದರಿಂದ ನಾನು ಲಾನೊ ಕೌಂಟಿಯ ಒಂದು ರ‍್ಯಾಂಚ್‌ನಲ್ಲಿ ಬೇಟೆಯಾಡಲು ಲೀಸ್ (ಗುತ್ತಿಗೆ) ಹಿಡಿದೆ. ಮೊದಲ ಋತುವಿನ ಲೆಕ್ಕವನ್ನು ಬರೆದಿಟ್ಟಿದ್ದೇನೆ: ಲೀಸ್ 1,900, ಫೀಡರ್ (ಜಿಂಕೆಗೆ ಹೊತ್ತಿಗೆ ಸರಿಯಾಗಿ ಜೋಳ ಉದುರಿಸುವ ಯಂತ್ರ) 265, ಅದರ ಬ್ಯಾಟರಿ ಮತ್ತು ಟೈಮರ್ 48, ಮೆಕ್ಕೆಜೋಳ 410, ಲೈಸೆನ್ಸ್ 25, ಪೆಟ್ರೋಲ್ 380, ರೈಫಲ್ 620, ಸ್ಕೋಪ್ 300, ದೊಡ್ಡ ಐಸ್ ಪೆಟ್ಟಿಗೆ 210. ಕೂಡಿದರೆ 4,158 ಡಾಲರ್. ಇದರಲ್ಲಿ ಕಾಡುಹಂದಿಗಳು ಫೀಡರ್ ಕೆಡವಿ ಒಂದೇ ರಾತ್ರಿಯಲ್ಲಿ ತಿಂದು ಮುಗಿಸಿದ ಜೋಳವೂ ಸೇರಿದೆ. ಮತ್ತೆ ಕೆಡವದಂತೆ ಸುತ್ತ ಹಾಕಿಸಿದ ಕಬ್ಬಿಣದ ಬೇಲಿಗೆ 190 ಆಯಿತು. ಅದನ್ನು ಮಾವನವರು ಕೊಟ್ಟದ್ದರಿಂದ ಲೆಕ್ಕದಲ್ಲಿ ಬರೆದಿಲ್ಲ.

ಇಷ್ಟಾದರೂ ನಾನು ಪಶ್ಚಾತ್ತಾಪ ಪಡುವುದಿಲ್ಲ. ನವೆಂಬರಿನ ಮೊದಲ ಶನಿವಾರ ಋತು ಆರಂಭವಾದ ಬೆಳಿಗ್ಗೆಯೇ ಹೆಣ್ಣೊಂದು ಬಿತ್ತು. ಮಧ್ಯಾಹ್ನಕ್ಕೆ ಬಿಸಿಲು ಇಪ್ಪತ್ತಾರು ಡಿಗ್ರಿ ದಾಟುವ ನಾಡಿದು, ಐಸ್ ಸಿದ್ಧವಿಲ್ಲದಿದ್ದರೆ ಮಾಂಸ ಊಟದ ಹೊತ್ತಿಗೆ ಕೆಟ್ಟಿರುತ್ತದೆ. ಇನ್ನೊಂದು ಮಾತು: ನಮ್ಮ ನಾಗರಹೊಳೆಯ ಚುಕ್ಕೆ ಜಿಂಕೆಯೇ 1930ರ ದಶಕದಲ್ಲಿ ಇಲ್ಲಿಗೆ ಬಂದು ಹಿಲ್ ಕಂಟ್ರಿ ಎಂಬ ಈ ಗುಡ್ಡನಾಡಿನ ತುಂಬ ಹರಡಿಕೊಂಡಿದೆ. ಹೊರನಾಡಿನ ಪ್ರಾಣಿಯೆಂದು ಅದಕ್ಕೆ ಋತುವಿನ ಕಟ್ಟಳೆಯಿಲ್ಲ, ಮಾಂಸದ ರುಚಿಯಂತೂ ಬಿಳಿಬಾಲದ ಜಿಂಕೆಗಿಂತ ಎಷ್ಟೋ ಮೇಲು. ಒಮ್ಮೆ ಇಲ್ಲಿಗೆ ಬನ್ನಿ.

ವಿರಾಜಪೇಟೆ, ಈಗ ಮಿಷಿಗನ್:
ಟೈಮರ್ ಇಟ್ಟು ಹೊತ್ತಿಗೆ ಸರಿಯಾಗಿ ಜೋಳ ಉದುರಿಸಿ, ತಿನ್ನಲು ಬಂದ ಪ್ರಾಣಿಗೆ ಗುಂಡು ಹೊಡೆಯುವುದನ್ನು ಬೇಟೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಮನೆಯಲ್ಲಿ ಇಂದಿಗೂ ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುತ್ತೇವೆ. ಮರಸು ಕೂರುವುದೆಂದರೆ, ಅಂದರೆ ಮರೆಯಲ್ಲಿ ಕಾದು ಕೂರುವುದೆಂದರೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಹಿಕ್ಕೆ ಹಸಿಯೋ ಒಣಗಿದ್ದೋ, ಗೊರಸಿನ ಗುರುತು ಯಾವ ಹೊತ್ತಿನದ್ದು ಎಂಬುದನ್ನೆಲ್ಲ ಓದಿಕೊಂಡು ಕೂರುವುದು ಎಂದು ಅಜ್ಜ ಹೇಳುತ್ತಿದ್ದರು.

ಮಿಷಿಗನ್‌ನ ಕೆಳ ಪರ್ಯಾಯ ದ್ವೀಪದಲ್ಲಿ 2019ರಿಂದ ಆಹಾರದ ಆಮಿಷ ಒಡ್ಡುವುದಕ್ಕೆ ನಿಷೇಧವಿದೆ, ಅದು ಒಳ್ಳೆಯದೇ ಆಯಿತು. ಹ್ಯೂರಾನ್-ಮ್ಯಾನಿಸ್ಟೀ ರಾಷ್ಟ್ರೀಯ ಅರಣ್ಯದಲ್ಲಿ ಬೇಸಿಗೆಯಿಂದಲೇ ನಡೆದಾಡಿ, ಓಕ್ ಮರಗಳ ದಿಣ್ಣೆಯಿಂದ ಜೌಗಿಗೆ ಇಳಿಯುವ ಜಾಡೊಂದನ್ನು ಗುರುತಿಸಿಟ್ಟಿದ್ದೆ. ನಮ್ಮಲ್ಲಿ ಕೋವಿ ಋತು ವಾರ ಯಾವುದೇ ಇರಲಿ ನವೆಂಬರ್ 15ಕ್ಕೇ ತೆರೆಯುತ್ತದೆ. ಆ ದಿನ ದಿಣ್ಣೆಯ ಮೇಲೆ ಕಿತ್ತಳೆ ಅಂಗಿಯ ಬೇಟೆಗಾರರೇ ತುಂಬಿದ್ದರು. ಅವರ ಓಡಾಟಕ್ಕೆ ಬೆದರಿದ ಜಿಂಕೆಗಳು ನಾನು ಕುಳಿತ ಜೌಗಿನ ಅಂಚಿಗೇ ಬಂದವು. ಖರ್ಚು ಹೇಳಬೇಕೆಂದರೆ ಮೂಲ ಲೈಸೆನ್ಸ್ 11, ಜಿಂಕೆಯದು 20, ಥರ್ಟಿ-ಥರ್ಟಿ ತೋಟಾ ಹಾಕುವ ಹಳೆಯ ಲಿವರ್ ರೈಫಲ್ 350, ಬೂಟು 160. ಬೂಟಿಗೆ ಮಾತ್ರ ಚೌಕಾಸಿ ಮಾಡಬೇಡಿ. ಮಾಂಸಕ್ಕೆ ಊರಿನಿಂದ ತಂದ ಕಾಚಂಪುಳಿ (ಕೊಡಗಿನ ಹುಳಿರಸ) ಹಾಕಿದೆ. ಜಿಂಕೆಯ ಕೊಬ್ಬು ಮೇಣದಂತೆ ನಾಲಿಗೆಗೆ ಅಂಟುವುದರಿಂದ ಅದನ್ನು ಮೊದಲೇ ಪೂರ್ತಿ ಕೆರೆದು ತೆಗೆಯಬೇಕು.

ಹಿಲ್ ಕಂಟ್ರಿ ಕನ್ನಡಿಗ:
ನಮ್ಮ ರಾಜ್ಯದ ಕಾನೂನು ಒಪ್ಪಿದ್ದನ್ನು ನಾನು ಮಾಡಿದ್ದೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನಲ್ಲಿ ಜಿಂಕೆಯ ಮೇಲೆ ಕೋವಿ ಎತ್ತುವುದು ಅಪರಾಧ. ಹೀಗಿರುವಾಗ ಮರಸು ಕೂತ ಹೆಮ್ಮೆಯನ್ನು ಇಲ್ಲಿ ಪ್ರದರ್ಶಿಸಬೇಡಿ. ನಿಶ್ಚಲವಾಗಿ ನಿಂತ ಪ್ರಾಣಿಗೆ ಹತ್ತಿರದಿಂದ ಒಂದೇ ಈಡು ಹೊಡೆದರೆ ಅದು ನರಳದೆ ಸಾಯುತ್ತದೆ. ಜನಸಂದಣಿಗೆ ಬೆದರಿ ಓಡಿ ಬಂದ ಜಿಂಕೆಯನ್ನು ಹೊಡೆದವರು ನನಗೆ ನೀತಿ ಹೇಳುವುದು ಬೇಕಿಲ್ಲ.

ವಿರಾಜಪೇಟೆ, ಈಗ ಮಿಷಿಗನ್:
ಅಜ್ಜ ಹೇಳುತ್ತಿದ್ದರು ಎಂದು ಬರೆದಿದ್ದೇನೆ, ಅವರ ಕಾಲ 1972ಕ್ಕಿಂತ ಬಹಳ ಹಿಂದಿನದು. ನಾನು ಊರಿನಲ್ಲಿ ಕೋವಿಯನ್ನು ಪೂಜೆಗೆ ಮತ್ತು ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಗೆ ಬಿಟ್ಟು ಬೇರೆ ಯಾವುದಕ್ಕೂ ಎತ್ತಿಲ್ಲ. ನನ್ನ ಜಿಂಕೆ ಓಡುತ್ತಿರಲಿಲ್ಲ, ಜೌಗಿನ ಅಂಚಿಗೆ ಬಂದು ನಿಂತು ಹಿಂದಕ್ಕೆ ತಿರುಗಿ ನೋಡುತ್ತಿತ್ತು. ಪೂರ್ತಿ ಓದಿ ಬರೆಯಿರಿ.

ಶಿವಮೊಗ್ಗದವಳು, ಪೆನ್ಸಿಲ್ವೇನಿಯ:
ಇಬ್ಬರೂ ಜಗಳವನ್ನು ಬದಿಗಿಡಿ. ಪ್ರಶ್ನೆ ಕೇಳಿದವರ ಮನೆಯಲ್ಲಿ ಮಾಂಸ ತಿನ್ನದ ಹೆಂಗಸೊಬ್ಬರಿದ್ದಾರೆ ಎಂಬುದನ್ನು ಯಾರೂ ಗಮನಿಸಲಿಲ್ಲ. ನಮ್ಮ ಮನೆಯಲ್ಲಿ ಅತ್ತೆಯವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಬೇಟೆಗೆ ಹೋಗುವವಳು ನಾನು. ಗ್ಯಾರೇಜಿನಲ್ಲಿ ಬೇರೆ ಫ್ರೀಜರ್ (230 ಡಾಲರ್), ಮಡಚುವ ಮೇಜು (55), ಎರಡು ಚಾಕು ಮತ್ತು ಸಾಣೆ (70), ಗಾಳಿ ತೆಗೆದು ಚೀಲ ಮುಚ್ಚುವ ಯಂತ್ರ (140), ಮಾಂಸಕ್ಕೇ ಮೀಸಲಾದ ಪಾತ್ರೆಗಳು. ಅಡುಗೆಯನ್ನೂ ಗ್ಯಾರೇಜಿನಲ್ಲೇ ಮಾಡುತ್ತೇನೆ. ಒಳಮನೆಗೆ ಒಂದು ಹನಿ ರಕ್ತವೂ ಹೋಗಿಲ್ಲ, ಅತ್ತೆಯವರಿಂದ ಒಂದು ಕಠಿಣ ಮಾತೂ ಬಂದಿಲ್ಲ. ಒಂದೆರಡು ವರ್ಷದ ಪ್ರೊಸೆಸರ್ ಖರ್ಚನ್ನು ಇವುಗಳಿಗೆ ಹಾಕಿದರೆ ಮುಂದಿನ ಜಿಂಕೆಗಳಿಗೆ ಚೀಲದ ಖರ್ಚು ಬಿಟ್ಟು ಬೇರೇನೂ ಇಲ್ಲ.

ನನ್ನ ಮೊದಲ ಜಿಂಕೆ, ರಾಜ್ಯವು ಬೇಟೆಗೆಂದು ಬಿಟ್ಟ ಸ್ಟೇಟ್ ಗೇಮ್ ಲ್ಯಾಂಡ್‌ನಲ್ಲಿ, ಋತು ತೆರೆದ ಶನಿವಾರ ಸಿಕ್ಕಿತು. 2019ಕ್ಕೆ ಮೊದಲು ನಮ್ಮಲ್ಲಿ ರೈಫಲ್ ಋತು ಥ್ಯಾಂಕ್ಸ್‌ಗಿವಿಂಗ್ ನಂತರದ ಸೋಮವಾರ ತೆರೆಯುತ್ತಿತ್ತು. ಸೋಮವಾರವೇ ಉಳಿದಿದ್ದರೆ ನನ್ನಂತಹ ಉದ್ಯೋಗಸ್ಥೆಗೆ ಮೊದಲ ದಿನ ತಪ್ಪುತ್ತಿತ್ತು. ಇಳಿಜಾರಿನಲ್ಲಿ ಸುಮಾರು ನೂರು ಪೌಂಡಿನ ದೇಹವನ್ನು ಒಬ್ಬಳೇ ಎಳೆದು ತಂದೆ. ಬೆನ್ನು ಹಿಡಿದು ಫಿಸಿಯೋಥೆರಪಿಗೆ ವಿಮೆ ಕೊಟ್ಟದ್ದು ಹೋಗಿ ಕೈಯಿಂದ 320 ಕೊಟ್ಟೆ, ಆಮೇಲೆ 60 ಡಾಲರಿನ ಪ್ಲಾಸ್ಟಿಕ್ ಸ್ಲೆಡ್ ಕೊಂಡೆ. ಗ್ಯಾರೇಜಿನಲ್ಲಿ ಎರಡು ಮೂರು ಡಿಗ್ರಿಯ ಚಳಿಯಿದ್ದುದರಿಂದ ಮಾಂಸವನ್ನು ಕೆಲವು ದಿನ ತೂಗುಹಾಕಿ ಹದವಾದ ಮೇಲೆ ಕತ್ತರಿಸಿದೆ. ಸ್ನಾಯುಗಳ ನಡುವಿನ ಬಿಳಿಯ ಪೊರೆ ಹಿಡಿದು ಬಿಡಿಸುತ್ತಾ ಹೋದರೆ ತುಂಡುಗಳು ತಾವಾಗಿಯೇ ಬೇರೆಯಾಗುತ್ತವೆ, ಗರಗಸ ಬೇಕಾಗುವುದೇ ಇಲ್ಲ.

ಮತ್ತು ತಾಮ್ರದ ಗುಂಡನ್ನೇ ಕೊಳ್ಳಿ. ಇಪ್ಪತ್ತಕ್ಕೆ 47 ಡಾಲರ್ ಕೊಟ್ಟಿದ್ದೇನೆ. ಸೀಸ ವಿಷ, ಅದರ ಗುಂಡು ಒಳಗೆ ಚೂರಾಗಿ ಗಾಯದಿಂದ ಬಹುದೂರ ಹರಡುತ್ತದೆ.

ಮೌಂಟ್ ಹೋರೆಬ್ ಪಕ್ಕದವ:
ಮೇಡಂ, ಇಲ್ಲಿಯ ರೈತರು ತಲೆತಲಾಂತರದಿಂದ ಸೀಸದ ಗುಂಡಿನಲ್ಲಿ ಹೊಡೆದ ಜಿಂಕೆಯನ್ನೇ ತಿಂದು ಬದುಕಿದ್ದಾರೆ. ಹೊಸಬರನ್ನು ದುಪ್ಪಟ್ಟು ಬೆಲೆಯ ಗುಂಡಿನ ಕಡೆಗೆ ಹೆದರಿಸಿ ತಳ್ಳಬೇಡಿ. ಅವರ ಮಿತಿ 900. ಆ ಹಣವನ್ನು ಗುರಿ ಅಭ್ಯಾಸಕ್ಕೆ ಹಾಕಲಿ.

ಶಿವಮೊಗ್ಗದವಳು, ಪೆನ್ಸಿಲ್ವೇನಿಯ:
ಮಕ್ಕಳಿಗಾಗಿ ಇಡೀ ಜಿಂಕೆಯನ್ನು ಕಸಕ್ಕೆ ಹಾಕಿದ ತಾವೇ ಹೀಗೆ ಬರೆಯುವುದು ನನಗೆ ಅರ್ಥವಾಗುವುದಿಲ್ಲ. 2008ರಲ್ಲಿ ಉತ್ತರ ಡಕೋಟದಲ್ಲಿ ಬಡವರಿಗೆಂದು ದಾನ ಬಂದ ಜಿಂಕೆ ಮಾಂಸವನ್ನು ಸಿಟಿ ಸ್ಕ್ಯಾನ್ ಮಾಡಿದಾಗ ಸೀಸದ ಚೂರುಗಳು ಕಂಡವು, ಮಾಂಸವನ್ನು ಹಂಚಬಾರದೆಂದು ಸೂಚನೆ ಹೋಯಿತು. ಕ್ಯಾಲಿಫೋರ್ನಿಯದಲ್ಲಿ 2019ರ ಜುಲೈಯಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ಪ್ರೊಸೆಸರ್ ಮಾಡಿದ ಅನ್ಯಾಯದ ಸಿಟ್ಟು ನನ್ನ ಮೇಲೆ ಬೇಡ. ತಾವು ಮನೆಯಲ್ಲೇ ಕತ್ತರಿಸಿದ್ದರೆ ತಮ್ಮ ಜಿಂಕೆ ಬೇರೆಯವರ ತಟ್ಟೆ ಸೇರುತ್ತಿರಲಿಲ್ಲ.

ಮೌಂಟ್ ಹೋರೆಬ್ ಪಕ್ಕದವ:
ನಾನು ಮೂರನೆಯ ಮಹಡಿಯ ಅಪಾರ್ಟ್‌ಮೆಂಟಿನಲ್ಲಿದ್ದೆ ಮೇಡಂ. ಗ್ಯಾರೇಜು ಎಲ್ಲರಿಗೂ ಇರುವುದಿಲ್ಲ. ಆ ಮಾತು ಬೇಕಿರಲಿಲ್ಲ.

ಕೊಲಂಬಸ್ ಕ್ರಾಸ್‌ಬೋ:
ಎಲ್ಲರೂ ತಮ್ಮ ರೈಫಲಿನ ಬೆಲೆ ಹೇಳಿದಿರಿ. ಕೇಳಿದವರು ಎಚ್-1ಬಿ ವೀಸಾದಲ್ಲಿದ್ದಾರೆ ಎಂಬುದನ್ನು ಒಬ್ಬರೂ ಪ್ರಸ್ತಾಪಿಸಲಿಲ್ಲ, ಇದು ನನಗೆ ಬಹಳ ಬೇಸರ ತಂದಿದೆ. ನಾನೂ ಅದೇ ವೀಸಾದಲ್ಲಿ ಇದ್ದವನು. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ತಾತ್ಕಾಲಿಕ ವೀಸಾದವರು ಕೋವಿ ಮತ್ತು ತೋಟಾಗಳನ್ನು ಇಟ್ಟುಕೊಳ್ಳುವಂತೆಯೇ ಇಲ್ಲ. ಅದಕ್ಕಿರುವ ಮುಖ್ಯ ವಿನಾಯಿತಿಯೆಂದರೆ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಲೈಸೆನ್ಸ್ ಮೊದಲು, ಕೋವಿ ಆಮೇಲೆ. ಗೆಳೆಯರಿಂದ ಒಂದು ದಿನಕ್ಕೆ ಎರವಲು ಪಡೆದ ಕೋವಿಗೂ ಇದೇ ನಿಯಮ. ಈ ಕಾನೂನಿನಲ್ಲಿ ಶಿಕ್ಷೆಯಾದರೆ ದೇಶ ಬಿಡಬೇಕಾಗಿ ಬರಬಹುದು.

ನನ್ನ ಕತೆ ಹೀಗೆ: ಲೈಸೆನ್ಸ್, ಪಾಸ್‌ಪೋರ್ಟ್, ವಿಳಾಸದ ದಾಖಲೆ ಎಲ್ಲವನ್ನೂ ತೆಗೆದುಕೊಂಡು ಅಂಗಡಿಯೊಂದಕ್ಕೆ ಹೋದೆ. ಕೋವಿ ಕೊಳ್ಳುವವರು ತುಂಬಬೇಕಾದ 4473 ಎಂಬ ನಮೂನೆಯಲ್ಲಿ ವಿನಾಯಿತಿಯ ಪ್ರಶ್ನೆ ಅಚ್ಚಾಗಿಯೇ ಇದೆ. ತೋರಿಸಿದರೂ ಗುಮಾಸ್ತ ನಂಬಲಿಲ್ಲ. ಸಾಲಿನಲ್ಲಿ ನಿಂತವರ ಮುಂದೆ, ವಿದೇಶಿಯರಿಗೆ ಮಾರುವುದಿಲ್ಲ ಎಂದು ಗಟ್ಟಿಯಾಗಿ ಹೇಳಿ ಕಳಿಸಿದ. ಕಾನೂನು ನನ್ನ ಕಡೆಗಿದ್ದರೂ ತಲೆ ತಗ್ಗಿಸಿ ಹೊರಬರಬೇಕಾಯಿತು. ಅಲ್ಲಿಂದ ನೇರವಾಗಿ ಬೇರೊಂದು ಅಂಗಡಿಗೆ ಹೋಗಿ 420 ಡಾಲರಿಗೆ ಕ್ರಾಸ್‌ಬೋ ಕೊಂಡೆ. ಅದು ಆ ಕಾನೂನಿನ ಅರ್ಥದಲ್ಲಿ ಬಂದೂಕೇ ಅಲ್ಲ. ಲೈಸೆನ್ಸ್ 19, ಜಿಂಕೆ ಪರವಾನಗಿ 31, ಬಾಣದ ಮೊನೆಗಳು 45, ಮರದ ಅಟ್ಟಣೆ 150, ಜೊತೆಗೆ ಬೀಳದಂತೆ ಕಟ್ಟಿಕೊಳ್ಳುವ ಹಾರ್ನೆಸ್ 80. ಅಕ್ಟೋಬರಿನಲ್ಲಿ ಇಪ್ಪತ್ತೈದು ಗಜದಿಂದ ಹೆಣ್ಣೊಂದನ್ನು ಹೊಡೆದೆ. ಬಾಣ ತುಸು ಹಿಂದಕ್ಕೆ, ಹೊಟ್ಟೆಯ ಕಡೆಗೆ ತಗುಲಿದ್ದರಿಂದ ರಕ್ತ ಕಪ್ಪಾಗಿತ್ತು. ಬೆದರಿ ದೂರ ಓಡದಿರಲೆಂದು ಬೆನ್ನಟ್ಟದೆ ರಾತ್ರಿಯಿಡೀ ಕಾದು ಬೆಳಿಗ್ಗೆ ಹೋದಾಗ ಪೊದೆಯಲ್ಲಿ ಸತ್ತು ಮಲಗಿತ್ತು. ಚಳಿಯಿದ್ದುದರಿಂದ ಮಾಂಸ ಉಳಿಯಿತು.

ವಿರಾಜಪೇಟೆ, ಈಗ ಮಿಷಿಗನ್:
ರಾತ್ರಿಯಿಡೀ ಒದ್ದಾಡಿಸಿದ ಬಾಣಕ್ಕಿಂತ ನನ್ನ ಥರ್ಟಿ-ಥರ್ಟಿ ಎಷ್ಟೋ ದಯೆಯದ್ದು.

ಕೊಲಂಬಸ್ ಕ್ರಾಸ್‌ಬೋ:
ಹೊಟ್ಟೆಗೆ ತಗುಲಿದ ಗುಂಡಿನಿಂದಲೂ ಜಿಂಕೆ ಅಷ್ಟೇ ಹೊತ್ತು ನರಳುತ್ತದೆ. ನಿಮಗೆ ಹಾಗೆ ಆಗಿಲ್ಲ, ಸಂತೋಷ. ಆ ರಾತ್ರಿ ನಾನು ನಿದ್ದೆ ಮಾಡಿಲ್ಲ.

ಮ್ಯಾಡಿಸನ್ ಹೊಸಬ:
ಎಲ್ಲರಿಗೂ ಕೃತಜ್ಞತೆಗಳು. ವೀಸಾದ ವಿಷಯ ನನಗೆ ತಿಳಿದೇ ಇರಲಿಲ್ಲ. ವಿಸ್ಕಾನ್ಸಿನ್ ಲೈಸೆನ್ಸಿನ ಅವಧಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಋತು ಮುಗಿದ ಮೇಲೂ ಕೋವಿ ಮನೆಯಲ್ಲೇ ಇದ್ದರೆ ಏಪ್ರಿಲ್ 1ರಂದು ನನ್ನ ಸ್ಥಿತಿ ಏನು? ಹೆಂಡತಿ ನನ್ನ ಅವಲಂಬಿತಳಾಗಿ ಎಚ್-4 ವೀಸಾದಲ್ಲಿದ್ದಾಳೆ.

ಕೊಲಂಬಸ್ ಕ್ರಾಸ್‌ಬೋ:
ಅವಧಿ ಮುಗಿದ ಲೈಸೆನ್ಸ್ ರಕ್ಷಣೆ ಕೊಡುವುದಿಲ್ಲ. ಜಿಂಕೆಯದ್ದೇ ಆಗಬೇಕೆಂದಿಲ್ಲ, ಹೊಸ ವರ್ಷದ ಸಣ್ಣ ಪ್ರಾಣಿಗಳ ಬೇಟೆಯ ಲೈಸೆನ್ಸನ್ನು ಮೊದಲೇ ಕೊಂಡು ಒಂದು ದಿನವೂ ಖಾಲಿ ಬಿಡದಂತೆ ನೋಡಿಕೊಳ್ಳಿ. ನಿಮ್ಮ ಮನೆಯವರ ಬಳಿ ಲೈಸೆನ್ಸ್ ಇಲ್ಲವಾದ್ದರಿಂದ ಕೋವಿ, ತೋಟಾ ಎರಡೂ ಬೀಗದ ಪೆಟ್ಟಿಗೆಯಲ್ಲಿರಲಿ, ಕೀಲಿ ನಿಮ್ಮೊಬ್ಬರ ಬಳಿಯೇ ಇರಲಿ. ಕೊಳ್ಳುವ ಮೊದಲು ವಲಸೆ ವಕೀಲರೊಬ್ಬರನ್ನು ಒಮ್ಮೆ ಕೇಳಿ. ನಾನು ಅದಕ್ಕೆ 200 ಡಾಲರ್ ಕೊಟ್ಟೆ, ಆ ಋತುವಿನಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಅದೇ.

ಮೌಂಟ್ ಹೋರೆಬ್ ಪಕ್ಕದವ:
ಪ್ರೊಸೆಸರ್‌ಗೆ ಕೊಡುವುದಾದರೆ, ನಿಮ್ಮ ಜಿಂಕೆಯನ್ನು ಬೇರೆಯಾಗಿಯೇ ಕತ್ತರಿಸುತ್ತಾರೆ ಎಂಬುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಸಾಸೇಜು ಮಾಡಿಸಬೇಡಿ, ಬರಿಯ ತುಂಡುಗಳನ್ನೇ ಫ್ರೀಜರಿನಲ್ಲಿಡಿ.